ಕ್ಷಯದ ಔಷಧಿಯೂ ಮೈಯೊಳಗಿನ ಕಾವಲೂ



ವಿಶಾಖಪಟ್ಟಣದ ಬಂದರಿನಲ್ಲಿಯೋ ವಿಜಯವಾಡದ ಅಂಗಡಿ, ಕಚೇರಿಗಳಲ್ಲಿಯೋ ದುಡಿದು, ಒಂದೇ ಕೋಣೆಯಲ್ಲಿ ನಾಲ್ಕೈದು ಮಂದಿ ಮಲಗುವ ನಮ್ಮಂಥವರಿಗೆ ಕ್ಷಯದ ಮಾತು ದೂರದ್ದಲ್ಲ. ಕೆಮ್ಮನ್ನು ಬಚ್ಚಿಡುವವರು ಕೆಲವರು. ಔಷಧಿ ಹಿಡಿದು ಎರಡು ತಿಂಗಳಿಗೇ ಬಿಡುವವರು ಕೆಲವರು. ಹಾಗೆ ಬಿಡಬಾರದೇಕೆಂಬುದನ್ನು ಇಂದು ವಿಚಾರ ಮಾಡೋಣ.

ರೋಗಾಣು ಶ್ವಾಸಕೋಶಕ್ಕೆ ಇಳಿದೊಡನೆ ಮೈಯ ಕಾವಲುಕಣಗಳು ಅದನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಕೆಲವು ವಾರಗಳ ಮೇಲೆ ಟಿ-ಕಣಗಳೆಂಬ ಇನ್ನೊಂದು ಪಡೆ ಬಂದು, ಇಂಟರ್‌ಫೆರಾನ್ ಎಂಬ ದ್ರವ್ಯದಿಂದ ಅವಕ್ಕೆ ಬಲ ಕೊಡುತ್ತದೆ. ಎಲ್ಲವೂ ಕೂಡಿ ರೋಗಾಣುವಿನ ಸುತ್ತ ಗಂಟು ಕಟ್ಟುತ್ತವೆ. ಬಹುಮಂದಿಯಲ್ಲಿ ರೋಗ ಇಷ್ಟಕ್ಕೇ ಅಡಗುತ್ತದೆ. ಅರೆಹೊಟ್ಟೆಯಿಂದಲೋ ಸಕ್ಕರೆ ಕಾಯಿಲೆಯಿಂದಲೋ ಕಾವಲು ಸಡಿಲವಾದರೆ ರೋಗ ಮೇಲೇಳುತ್ತದೆ.

ಐಸೋನಿಯಾಜಿಡ್, ರಿಫಾಂಪಿಸಿನ್ ಮೊದಲಾದ ಔಷಧಿಗಳು ಬೆಳೆಯುತ್ತಿರುವ ರೋಗಾಣುಗಳನ್ನು ಬೇಗ ಕೊಲ್ಲುತ್ತವೆ. ಜ್ವರ ಇಳಿಯುತ್ತದೆ, ಹಸಿವು ಹುಟ್ಟುತ್ತದೆ, ಸೊರಗಿದ್ದ ಕಾವಲೂ ಚೇತರಿಸಿಕೊಳ್ಳುತ್ತದೆ. ರೋಗ ಬಲಿತಾಗ ಚರ್ಮದ ಟ್ಯೂಬರ್ಕ್ಯುಲಿನ್ ಪರೀಕ್ಷೆಗೆ ಓಗೊಡದಿದ್ದ ಮೈ, ಚಿಕಿತ್ಸೆ ನಡೆದಂತೆ ಓಗೊಡುವುದುಂಟು. ಆದರೆ ನಿದ್ರಿಸುತ್ತಿರುವ ರೋಗಾಣುಗಳು ಇನ್ನೂ ಉಳಿದಿರುತ್ತವೆ. ಅವುಗಳಿಗಾಗಿಯೇ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ. ನಡುವೆ ಬಿಟ್ಟರೆ ರೋಗ ಮರಳಬಹುದು. ಔಷಧಿಗೆ ಬಗ್ಗದ ರೋಗವಾಗಿಯೂ ಮರಳಬಹುದು.

ಇನ್ನೊಂದು ವಿಷಯ. ಕೆಲವರಿಗೆ ಚಿಕಿತ್ಸೆಯ ನಡುವೆಯೇ ಕುತ್ತಿಗೆಯ ಗಂಟು ದಪ್ಪವಾಗುತ್ತದೆ, ಜ್ವರ ಮರುಕಳಿಸುತ್ತದೆ. ಚೇತರಿಸಿಕೊಂಡ ಕಾವಲು ಸತ್ತ ರೋಗಾಣುಗಳ ಚೂರುಗಳ ಮೇಲೆ ಎರಗುವುದರಿಂದಲೂ ಹೀಗಾಗಬಹುದು. ಬೇರೆ ಕಾರಣವೂ ಇರಬಹುದಾದ್ದರಿಂದ ವೈದ್ಯರಿಗೆ ತೋರಿಸಬೇಕು. ಔಷಧಿಯನ್ನು ತಾವಾಗಿ ನಿಲ್ಲಿಸಬಾರದು.

ರೋಗಿಯನ್ನು ಕೋಣೆಯಿಂದ ಹೊರಡಿಸುವುದು ಸರಿಯೇ? ಮದ್ರಾಸಿನಲ್ಲಿ 1956ರಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರವು ಬಡರೋಗಿಗಳಲ್ಲಿ ಕೆಲವರಿಗೆ ಮನೆಯಲ್ಲಿ, ಕೆಲವರಿಗೆ ಆರೋಗ್ಯಧಾಮದಲ್ಲಿ ಒಂದು ವರ್ಷ ಔಷಧಿ ಕೊಟ್ಟು ನೋಡಿತು. 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮನೆಯ ಚಿಕಿತ್ಸೆ ಹಿಂದೆ ಬಿದ್ದಿರಲಿಲ್ಲ. ಮನೆಮಂದಿಗೂ ಅದರಿಂದ ಹೆಚ್ಚಿನ ಅಪಾಯ ಕಂಡುಬರಲಿಲ್ಲ. ಕಿಟಕಿ ತೆರೆದಿಡೋಣ, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯೋಣ, ಜೊತೆಗಿರುವವರೂ ಪರೀಕ್ಷೆ ಮಾಡಿಸಿಕೊಳ್ಳೋಣ.

ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಯೋಜನೆಯಲ್ಲಿ 2018ರಿಂದ ಕೊಡುತ್ತಿದ್ದ ತಿಂಗಳಿಗೆ 500 ರೂಪಾಯಿಯನ್ನು 2024ರ ನವೆಂಬರಿನಿಂದ 1000 ಮಾಡಿದ್ದಾರೆ. ಊರಿಗೆ ಹೊರಡುವವರು ಮೊದಲೇ ತಿಳಿಸಿದರೆ ಚಿಕಿತ್ಸೆಯನ್ನು ಅಲ್ಲಿನ ಆಸ್ಪತ್ರೆಗೆ ವರ್ಗಾಯಿಸುತ್ತಾರೆ. ರಜೆ ನಮಗುಂಟು, ಮಾತ್ರೆಗಿಲ್ಲ.

ಔಷಧಿ ಕೊಲ್ಲುತ್ತದೆ, ಮೈ ಕಾಯುತ್ತದೆ. ಆರು ತಿಂಗಳು ಎರಡನ್ನೂ ಜೊತೆಯಾಗಿ ನಡೆಸಬೇಕಾದವರು ನಾವು.