‘ಕೋಕೋ’ ಎಂಬ ಮಾತು



ಕೆಲವು ಕಾಲದ ಹಿಂದೆ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಾಗ, ವಿದ್ಯಾರ್ಥಿಯೊಬ್ಬನ ಉತ್ತರವನ್ನು ಓದಿ ನಗು ತಡೆಯಲಾರದೆ ಹೋದೆನು. ಆಂಗ್ಲಭಾಷೆಯ ಕೆಲವು ಶಬ್ದಗಳಿಗೆ ಅರ್ಥ ಬರೆಯಬೇಕೆಂಬುದು ಪ್ರಶ್ನೆ. ಅವುಗಳಲ್ಲಿ ‘ಕೋಕೋ’ ಎಂಬುದೂ ಒಂದು. ಹುಡುಗನು ತಿಪಟೂರಿನ ಕಡೆಯವನು; ಕೊಬ್ಬರಿಯ ಸೀಮೆಯಲ್ಲಿ ಹುಟ್ಟಿ ಬೆಳೆದವನು. ತೆಂಗಿನಕಾಯಿಯನ್ನು ಒಣಗಿಸಿ ಪುಡಿಮಾಡಿದ ಪದಾರ್ಥವೇ ಕೋಕೋ ಎಂದು ನಿಸ್ಸಂಶಯವಾಗಿ ಬರೆದಿದ್ದನು. ನಾನು ಕೆಂಪು ಮಸಿಯಿಂದ ಸೊನ್ನೆ ಸುತ್ತಿದೆನು. ಅಷ್ಟಕ್ಕೇ ಬಿಡದೆ ಅಧ್ಯಾಪಕರ ಕೊಠಡಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದೆನು, ಎಲ್ಲರೂ ನಕ್ಕರು. ಆ ನಗೆಯ ಋಣವನ್ನು ತೀರಿಸುವುದಕ್ಕಾಗಿಯೇ ಈ ಹೊತ್ತು ಈ ಶಬ್ದದ ಚರಿತ್ರೆಯನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಕೋಕೋ ತೆಂಗಿನಿಂದ ಆಗುವುದಲ್ಲವೆಂಬುದು ನಿಜ. ಅದು ದಕ್ಷಿಣ ಅಮೆರಿಕದಲ್ಲಿ, ಅಮೆಜಾನ್ ನದಿಯ ಮೇಲ್ಭಾಗದ ಕಾಡುಗಳಲ್ಲಿ, ಮೊದಲು ಬೆಳೆದ ಒಂದು ಸಣ್ಣ ಮರದ ಬೀಜ. ನಮ್ಮ ಹಲಸಿನಂತೆ ಈ ಮರವೂ ಬೊಡ್ಡೆಯಲ್ಲಿಯೇ ಕಾಯಿ ಬಿಡುವುದು. ಒಂದೊಂದು ಕಾಯಿಯೊಳಗೂ ಬಿಳಿಯ ಲೋಳೆಯ ನಡುವೆ 30–40 ಬೀಜಗಳಿರುವುವು. ಅವನ್ನು ರಾಶಿಹಾಕಿ ಹುದುಗು ಬರಿಸಿ, ಒಣಗಿಸಿ, ಹುರಿದು, ಅರೆದರೆ ನಾವು ಬಲ್ಲ ಆ ಕಂದು ಬಣ್ಣವೂ ಆ ಪರಿಮಳವೂ ಬರುವುವು.

ಈ ಬೀಜವನ್ನು ಮೆಕ್ಸಿಕೋ ದೇಶದ ಅಜ್ಟೆಕ್ ಜನರು ತಮ್ಮ ನಾವಾಟ್ಲ್ ಭಾಷೆಯಲ್ಲಿ ‘ಕಕವಾಟ್ಲ್’ ಎಂದು ಕರೆಯುತ್ತಿದ್ದರು. ಕೊನೆಯ ‘ಟ್ಲ್’ ಎಂಬುದು ನಾಮಪದಕ್ಕೆ ಹತ್ತುವ ಪ್ರತ್ಯಯ. ಸುಮಾರಾಗಿ ನಮ್ಮ ಪ್ರಥಮಾ ವಿಭಕ್ತಿಯ ‘ಉ’ಕಾರದ ಹಾಗೆ. ಅದನ್ನು ಕಳೆದರೆ ಉಳಿಯುವ ಭಾಗವೇ ಸ್ಪೇನಿನವರ ಬಾಯಲ್ಲಿ ‘ಕಕಾವೊ’ ಆಯಿತು. ಆ ಜನಕ್ಕೆ ಇದು ಬರಿಯ ಪಾನೀಯದ ಹೆಸರಾಗಿರಲಿಲ್ಲ. ಹಣದ ಹೆಸರೂ ಆಗಿದ್ದಿತು. ತ್ಲಾಸ್ಕಾಲ ಎಂಬಲ್ಲಿ 1545ರಲ್ಲಿ ಬರೆದಿಟ್ಟ ಬೆಲೆಪಟ್ಟಿಯೊಂದು ಉಳಿದಿದೆ. ಒಂದು ಟರ್ಕಿ ಹೇಟೆಗೆ 100 ಬೀಜ. ದೊಡ್ಡದೊಂದು ಟೊಮ್ಯಾಟೊ ಹಣ್ಣಿಗೆ 1 ಬೀಜ. ಅಲ್ಲಿಯ ಸಿರಿವಂತನು ಒಂದು ಬಟ್ಟಲು ಕುಡಿದನೆಂದರೆ ನಾಣ್ಯವನ್ನೇ ಅರೆದು ಕುಡಿದಂತೆ.

ಆದರೆ ಈ ಮಾತು ಅಜ್ಟೆಕ್ ಜನರಿಗಿಂತಲೂ ಬಹಳ ಹಳೆಯದು. ಗ್ವಾಟೆಮಾಲದ ರಿಯೊ ಅಸೂಲ್ ಎಂಬ ಸ್ಥಳದಲ್ಲಿ 1984ರಲ್ಲಿ ಒಂದು ಮಾಯಾ ಸಮಾಧಿಯನ್ನು ತೆರೆದಾಗ, ಸುಮಾರು 1,500 ವರ್ಷಗಳ ಹಿಂದಿನ ಮಣ್ಣಿನ ಭಾಂಡವೊಂದು ದೊರೆಯಿತು. ಅದರ ಮೇಲಿದ್ದ ಬರಹವನ್ನು ಡೇವಿಡ್ ಸ್ಟೂವರ್ಟ್ ಎಂಬ ಲಿಪಿಜ್ಞರು ‘ಕ-ಕ-ವ’ ಎಂದು ಓದಿದರು. ಅನಂತರ ರಸಾಯನಶಾಸ್ತ್ರಜ್ಞರು ಭಾಂಡದ ಒಳಮೈಯ ಕರೆಯನ್ನು ಪರೀಕ್ಷಿಸಲು, ಈ ಬೀಜದಲ್ಲಿರುವ ಥಿಯೊಬ್ರೋಮಿನ್ ಎಂಬ ಸತ್ತ್ವವೇ ಅಲ್ಲಿ ಕಂಡುಬಂದಿತು. ಹೆಸರೂ ವಸ್ತುವೂ ಒಂದೇ ಪಾತ್ರೆಯಲ್ಲಿ ಹೀಗೆ ಜೊತೆಯಾಗಿ ಸಿಕ್ಕುವುದು ಅಪೂರ್ವ. ಮಾಯಾ ಜನರು ನಮ್ಮ ಕಾಗುಣಿತದಂತೆ ವ್ಯಂಜನವನ್ನು ಸ್ವರದೊಡನೆ ಕೂಡಿಸಿ ಒಂದೊಂದು ಚಿಹ್ನೆಯಾಗಿ ಬರೆಯಬಲ್ಲವರಾಗಿದ್ದರು. ಆದುದರಿಂದ ಕನ್ನಡದ ಮೂರು ಅಕ್ಷರಗಳು ಆ ಮೂರು ಚಿಹ್ನೆಗಳಿಗೆ ಸರಿಯಾಗಿ ಹೊಂದುವುವು.

ಈ ಶಬ್ದದ ಬೇರು ಇನ್ನೂ ಆಳದಲ್ಲಿರಬಹುದು. ಮಿಹೆ-ಸೋಕೆ ಎಂಬ ಪ್ರಾಚೀನ ಭಾಷಾವರ್ಗವೇ ಅದರ ತವರೆಂದು ಕ್ಯಾಂಬೆಲ್ ಮತ್ತು ಕೌಫ್‌ಮನ್ ಎಂಬ ವಿದ್ವಾಂಸರು 1976ರಲ್ಲಿ ಪ್ರತಿಪಾದಿಸಿದರು. ಅಲ್ಲ, ಅದು ನಾವಾಟ್ಲ್ ಭಾಷೆಯ ವಂಶದ್ದೇ ಎಂದು ಡೇಕಿನ್ ಮತ್ತು ವಿಕ್ಮನ್ ಎಂಬವರು 2000ದಲ್ಲಿ ಎದುರುವಾದ ಹೂಡಿದರು. ಆ ನಾವಾಟ್ಲಿನಲ್ಲಿ ಇದರಿಂದ ಹುಟ್ಟಿದ ಒಂದು ಸಮಾಸಪದವನ್ನು ನಾವು ಮೆಚ್ಚಲೇಬೇಕು. ಕಡಲೆಕಾಯಿಯನ್ನು ಆ ಜನರು ‘ತ್ಲಾಲ್‌ಕಕವಾಟ್ಲ್’, ಎಂದರೆ ‘ನೆಲದ ಕಕವ’, ಎಂದರು. ನಮ್ಮವರು ಅದನ್ನೇ ‘ನೆಲಗಡಲೆ’ ಎಂದರು. ಒಬ್ಬರನ್ನೊಬ್ಬರು ಕಾಣದ ಎರಡು ಜನಾಂಗಗಳು ಒಂದೇ ದಾರಿಯಲ್ಲಿ ಯೋಚಿಸಿದುವು.

ಹಾಗಾದರೆ ‘ಕಕಾವೊ’ ಎಂಬುದು ‘ಕೋಕೋ’ ಆದುದು ಹೇಗೆ? ಇಲ್ಲಿ ನಮ್ಮ ತೆಂಗು ಕಥೆಯೊಳಗೆ ಬರುವುದು. 1498ರಲ್ಲಿ ಪೋರ್ಚುಗೀಸರು ಮಲೆಯಾಳದ ಕರಾವಳಿಗೆ ಬಂದರಷ್ಟೆ. ತೆಂಗಿನಕಾಯಿಯ ನಾರು ಸುಲಿದಾಗ ಕಾಣುವ ಮೂರು ಕಣ್ಣುಗಳು ಅವರಿಗೆ ಮಕ್ಕಳನ್ನು ಹೆದರಿಸುವ ಗುಮ್ಮನ ಮುಖದಂತೆ ತೋರಿದುವು. ಅವರ ಭಾಷೆಯಲ್ಲಿ ಗುಮ್ಮನಿಗೆ ‘ಕೋಕೊ’ ಎಂದು ಹೆಸರು. ಅದನ್ನೇ ಕಾಯಿಗೂ ಇಟ್ಟರೆಂದು 16ನೆಯ ಶತಮಾನದ ಅವರ ಇತಿಹಾಸಕಾರ ಬಾರೂಷ್ ವಿವರಿಸಿದ್ದಾನೆ. ನಾವು ಮುಕ್ಕಣ್ಣನನ್ನು ಕಂಡೆಡೆಯಲ್ಲಿ ಅವರು ಗುಮ್ಮನನ್ನು ಕಂಡರು!

ಈ ‘ಕೋಕೊ’ ಮತ್ತು ಆ ‘ಕಕಾವೊ’ ಎರಡೂ ಹಡಗು ಹತ್ತಿ ಇಂಗ್ಲೆಂಡಿಗೆ ಬಂದುವು. ಎರಡು ವಸ್ತುಗಳನ್ನೂ ಬೆಳೆಯದ ನಾಡಿನಲ್ಲಿ ಎರಡು ಹೆಸರುಗಳೂ ಕಲೆತುಹೋದುವು. ಈ ಗೊಂದಲ 18ನೆಯ ಶತಮಾನದ ಆರಂಭಕ್ಕಾಗಲೇ ಇದ್ದಿತು. 1755ರಲ್ಲಿ ಪ್ರಕಟವಾದ ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ನನ ಮಹಾನಿಘಂಟು ಅದಕ್ಕೆ ಮುದ್ರೆಯೊತ್ತಿತು. ಅಲ್ಲಿ ತೆಂಗಿನ ವಿವರವೂ ಕಕಾವೊ ಮರದ ವಿವರವೂ ಒಂದೇ ಶಿರೋನಾಮದ ಕೆಳಗೆ ಕೂಡಿಕೊಂಡುವು. ಆಮೇಲೆ ಬಹುಕಾಲ ಆಂಗ್ಲರು ತೆಂಗಿನಕಾಯಿಯನ್ನೂ ‘ಕೋಕೋ’ವಿನ ಕಾಗುಣಿತದಲ್ಲಿಯೇ ಬರೆದರು. ನಮ್ಮ ದೇಶವನ್ನಾಳಿದ ಅಧಿಕಾರಿಗಳ ಹಳೆಯ ವರದಿಗಳಲ್ಲಿ ಅದನ್ನು ಕಾಣಬಹುದು. 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಮನೆತನದವರು ಬೀಜದ ಬೆಣ್ಣೆಯನ್ನು ಯಂತ್ರದಿಂದ ಹಿಂಡಿ ತೆಗೆಯುವ ಕ್ರಮಕ್ಕೆ ಹಕ್ಕುಪತ್ರ ಪಡೆದರು. ಹಿಂಡಿಯನ್ನು ಪುಡಿಮಾಡಿದ ಪದಾರ್ಥವು ಮನೆಮನೆಗೂ ಹರಡಿತು. ಅದರೊಡನೆ ತಪ್ಪು ಹೆಸರೂ ಸ್ಥಿರವಾಯಿತು.

ಸರಿಯಾದ ಹೆಸರು ಒಂದು ಕಡೆಯಲ್ಲಂತೂ ಭದ್ರವಾಗಿ ಉಳಿದಿದೆ. ಸ್ವೀಡನ್ ದೇಶದ ಲಿನೇಯಸ್ 1753ರಲ್ಲಿ ಈ ಮರಕ್ಕೆ ‘ಥಿಯೊಬ್ರೋಮ ಕಕಾವೊ’ ಎಂದು ಶಾಸ್ತ್ರೀಯ ನಾಮವನ್ನಿತ್ತನು. ಮೊದಲ ಪದ ಗ್ರೀಕ್. ದೇವತೆಗಳ ಆಹಾರವೆಂದು ಅರ್ಥ. ಎರಡನೆಯದು ಆ ಮರವನ್ನು ಬೆಳೆಸಿದ ಜನರ ಮಾತು.

ಇವನ್ನೆಲ್ಲ ನಾನು ಓದಿಕೊಂಡದ್ದು ಸೊನ್ನೆ ಸುತ್ತಿದ ಮೇಲೆ. ಹುಡುಗನನ್ನು ಕರೆಯಿಸಿ ಜಾನ್ಸನ್ನನ ಆ ಪುಟವನ್ನು ತೋರಿಸಿದೆನು. ಅವನು ನಿಧಾನವಾಗಿ ಓದಿ, “ಹಾಗಾದರೆ ಇವರಿಗೆ ಯಾರು ಸೊನ್ನೆ ಕೊಟ್ಟರು, ಸಾರ್?” ಎಂದು ಕೇಳಿದನು. ಯಾರೂ ಕೊಡಲಿಲ್ಲ, ಇಡೀ ಆಂಗ್ಲ ಜನಾಂಗವೇ ಅವನನ್ನು ತೇರ್ಗಡೆ ಮಾಡಿತೆಂದು ಒಪ್ಪಿಕೊಂಡೆನು. ಉತ್ತರವೇನೋ ತಪ್ಪೇ, ಅಂಕವನ್ನು ನಾನು ಬದಲಾಯಿಸಲಿಲ್ಲ. ಆದರೆ ನಕ್ಕದ್ದು ತಪ್ಪಾಯಿತೆಂದು ಅವನಿಗೆ ಹೇಳಿದೆನು. ಅಧ್ಯಾಪಕರ ಕೊಠಡಿಯಲ್ಲಿಯೂ ಹೇಳಿದೆನು.

ಈಗ ನಾವು ‘ಕೋಕೋ’ ಎಂಬುದನ್ನು ಬಿಡಬೇಕೆಂದು ನನ್ನ ವಾದವಲ್ಲ. ರೂಢಿಯು ಶಾಸ್ತ್ರಕ್ಕಿಂತ ಬಲವತ್ತರವಾದುದು. ಆದರೆ ತಮ್ಮಲ್ಲಿ ಯಾರಾದರೂ ಪುತ್ತೂರು, ವಿಟ್ಲಗಳ ಕಡೆಗೆ ಹೋದರೆ ಅಲ್ಲಿಯ ತೋಟಗಳನ್ನು ನೋಡಿ ಬನ್ನಿ. ಅಡಕೆಯ ಮತ್ತು ತೆಂಗಿನ ನೆರಳಿನಲ್ಲಿ ಈ ಮರವನ್ನು ಬೆಳೆಸಿದ್ದಾರೆ. ಪುತ್ತೂರಿನಲ್ಲಿ 1986ರಲ್ಲಿ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆಯನ್ನೂ ಸ್ಥಾಪಿಸಿತು. ನಿಘಂಟಿನಲ್ಲಿ ಒಂದಾಗಿಹೋದ ಎರಡು ಮರಗಳು ಅಲ್ಲಿ ಪಕ್ಕಪಕ್ಕದಲ್ಲಿ ಬೇರೆಬೇರೆಯಾಗಿ ನಿಂತಿವೆ. ಆ ತೋಟದ ಕೂಲಿಯಾಳು ಸಹ ಒಂದನ್ನು ಇನ್ನೊಂದೆಂದು ತಿಳಿಯಲಾರನು. ಬೆಳೆದವನಿಗೆ ತಿಳಿದಿರುವುದು ಬರೆದವನಿಗೆ ತಿಳಿಯದೆ ಹೋಗಬಹುದೆಂಬುದನ್ನು ನಮ್ಮಂತಹ ಪುಸ್ತಕದ ಜನರು ಆಗಾಗ ನೆನೆಯುವುದು ಒಳ್ಳೆಯದು.