ಮನೆ ಬಾಗಿಲಿಗೆ ನೋಟೀಸು ಬಂದಾಗ

(ನಲ್ಲೂರಿನ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಅಡಿಕೆ ಸುಲಿಯೋ ಕೆಲಸ ಮುಗಿಸಿ, ಮಕ್ಕಳಿಗೆ ಊಟಕ್ಕಿಟ್ಟು ಬಂದಿದ್ದೀರಿ. ಬಹಳ ಸಂತೋಷ.

ನೀವು ಈಗ ಓದಲು ಕಲಿತಿದ್ದೀರಿ. ಬಸ್ಸಿನ ಬೋರ್ಡು ಓದುತ್ತೀರಿ. ಪಡಿತರ ಚೀಟಿ ಓದುತ್ತೀರಿ. ಇವತ್ತು ನಾವು ಇನ್ನೊಂದು ಕಾಗದದ ಬಗ್ಗೆ ಮಾತಾಡೋಣ. ಆ ಕಾಗದ ಯಾರಿಗೂ ಇಷ್ಟ ಇಲ್ಲ. ಅದನ್ನು ಕಂಡರೆ ಎದೆ ಡವಡವ ಅನ್ನುತ್ತೆ. ಕೆಲವರು ಅದನ್ನು ಸೂರಿಗೆ ಸಿಕ್ಕಿಸಿ ಮರೆತುಬಿಡ್ತಾರೆ. ಕೆಲವರು ದೇವರ ಪಟದ ಹಿಂದೆ ಇಡ್ತಾರೆ.

ಆ ಕಾಗದದ ಹೆಸರು ನೋಟೀಸು. ಸಾಲ ಕಟ್ಟಿಲ್ಲ, ಮನೆ ಜಪ್ತಿ ಮಾಡ್ತೀವಿ, ಹರಾಜು ಹಾಕ್ತೀವಿ ಅಂತ ಬರುವ ನೋಟೀಸು.

ನೋಟೀಸು ಬಂದ ದಿನವೇ ಮನೆ ಹೋಗುವುದಿಲ್ಲ. ನೋಟೀಸಿಗೂ ಹರಾಜಿಗೂ ನಡುವೆ ಹಲವು ಮೆಟ್ಟಿಲು ಇವೆ. ಪ್ರತಿ ಮೆಟ್ಟಿಲಲ್ಲೂ ನಾವು ಮಾತಾಡಬಹುದು. ಆದರೆ ಪ್ರತಿ ಮೆಟ್ಟಿಲಿಗೂ ಒಂದು ಗಡುವು ಇದೆ. ಸುಮ್ಮನೆ ಕೂತರೆ ಗಡುವು ಮುಗಿದುಹೋಗುತ್ತೆ.

ಮೊದಲು ಲಕೋಟೆ ತೆಗೆದುಕೊಳ್ಳಿ

"ಟೀಚರ್, ನಾವು ಸಹಿ ಹಾಕಿ ತಗೊಳ್ಳದೇ ಇದ್ರೆ ಕೇಸೇ ಇಲ್ಲ ಅಲ್ವಾ?" ಅಂತ ಕೆಲವರು ಕೇಳ್ತಾರೆ.

ಹಾಗಲ್ಲ. ಬೇಡ ಅಂತ ವಾಪಸು ಕಳಿಸಿದರೂ ಕೋರ್ಟು ಅದನ್ನು ತಲುಪಿದ ಹಾಗೆ ಅಂತಲೇ ಲೆಕ್ಕ ಹಿಡಿಯಬಹುದು. ಆಗ ನಮ್ಮ ಮಾತು ಕೇಳದೆ ತೀರ್ಪು ಆಗಿಬಿಡುತ್ತೆ. ಅದಕ್ಕೆ ಲಕೋಟೆ ತೆಗೆದುಕೊಳ್ಳಿ. ಲಕೋಟೆಯನ್ನು ಬಿಸಾಡಬೇಡಿ. ಅದರ ಮೇಲೆ ಬಂದ ದಿನ ಬರೆಯಿರಿ. ಆಮೇಲೆ ಈ ನಾಲ್ಕು ವಿಷಯ ಹುಡುಕಿ.

ಕಾಗದ ಕಳಿಸಿದವರು ಯಾರು? ಬ್ಯಾಂಕೋ, ವಕೀಲರೋ, ಕೋರ್ಟೋ?
ಯಾರ ಹೆಸರಿಗೆ ಬಂದಿದೆ?
ಎಷ್ಟು ಹಣ ಕೇಳಿದ್ದಾರೆ?
ಯಾವ ದಿನದೊಳಗೆ ಉತ್ತರ ಕೊಡಬೇಕು?

ಇಂಗ್ಲಿಷಿನಲ್ಲಿದ್ದರೆ ಹೆದರಬೇಡಿ. ಅಂಕಿಗಳನ್ನು ನೀವೇ ಓದಬಹುದು. ಉಳಿದದ್ದನ್ನು ಶಾಲೆಯ ಮೇಷ್ಟ್ರಿಗೋ, ಕಾಲೇಜಿಗೆ ಹೋಗುವ ಮಕ್ಕಳಿಗೋ ತೋರಿಸಿ.

ಸಾಲ ಯಾವುದು?

ಎಲ್ಲಾ ಸಾಲವೂ ಒಂದೇ ಅಲ್ಲ. ಮೂರು ತರ ನೋಡೋಣ.

ಮೊದಲನೆಯದು, ಸಂಘದ ಸಾಲ. ಮೈಕ್ರೋ ಫೈನಾನ್ಸಿನವರು ಗುಂಪು ಮಾಡಿ ವಾರಕ್ಕೋ ತಿಂಗಳಿಗೋ ಕಂತು ಕಟ್ಟಿಸಿಕೊಳ್ಳುವ ಸಾಲ. 2022ರ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಈ ಸಾಲಕ್ಕೆ ಮನೆಯನ್ನಾಗಲಿ ಬೇರೆ ಆಸ್ತಿಯನ್ನಾಗಲಿ ಅಡ ಇಡಿಸಿಕೊಳ್ಳುವ ಹಾಗಿಲ್ಲ. ಕಂತು ತಪ್ಪಿತು ಅಂತ ಅವರೇ ಬಂದು ಬೀಗ ಹಾಕುವಂತಿಲ್ಲ. ಗೋಡೆ ಮೇಲೆ ಬರೆಯುವಂತಿಲ್ಲ.

ಎರಡನೆಯದು, ಕೈಸಾಲ. ಪ್ರಾಮಿಸರಿ ನೋಟು ಬರೆದುಕೊಟ್ಟು ತಂದ ಸಾಲ. ಇದರಲ್ಲಿ ಮನೆ ಅಡ ಇರುವುದಿಲ್ಲ. ಸಾಲ ಕೊಟ್ಟವರು ಕೋರ್ಟಿಗೆ ಹೋಗಿ ದಾವೆ ಹಾಕಿ ಗೆಲ್ಲಬೇಕು. ಆಮೇಲೆ ಮಾತ್ರ ಜಪ್ತಿಯ ಮಾತು.

ಮೂರನೆಯದು, ಮನೆ ಪತ್ರ ಅಡ ಇಟ್ಟು ತಂದ ಸಾಲ. ಇದು ಗಟ್ಟಿ ಸಾಲ. ಇದರಲ್ಲಿ ಮನೆ ನಿಜವಾಗಿಯೂ ಹೋಗಬಹುದು. ಇದನ್ನು ಸರಿಯಾಗಿ ತಿಳಿಯೋಣ.

ಬ್ಯಾಂಕು ಹೇಗೆ ಬರುತ್ತೆ?

2002ರಲ್ಲಿ ಒಂದು ಕಾನೂನು ಬಂತು. ಅದಕ್ಕೆ ಸರ್ಫೇಸಿ ಕಾಯ್ದೆ ಅಂತಾರೆ. ಅಡ ಇಟ್ಟ ಮನೆಯನ್ನು ದಾವೆ ಹಾಕದೆಯೇ ವಶ ಮಾಡಿಕೊಳ್ಳುವ ಅಧಿಕಾರ ಬ್ಯಾಂಕಿಗೆ ಇದರಿಂದ ಸಿಕ್ಕಿತು. ಸಹಕಾರಿ ಬ್ಯಾಂಕಿಗೂ ಇದು ಅನ್ವಯಿಸುತ್ತೆ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಆದರೆ ಬ್ಯಾಂಕೂ ಮೆಟ್ಟಿಲು ಹತ್ತಿಯೇ ಬರಬೇಕು.

ಮೊದಲ ಮೆಟ್ಟಿಲು: ಕಂತು ಸುಮಾರು ಮೂರು ತಿಂಗಳು ತಪ್ಪಿದಾಗ ಸಾಲವನ್ನು ಕೆಟ್ಟ ಸಾಲ ಅಂತ ಬರೆದುಕೊಳ್ತಾರೆ. ಬೇಸಾಯದ ಸಾಲಕ್ಕೆ ಲೆಕ್ಕ ಬೇರೆ. ಆಮೇಲೆ 60 ದಿನದ ನೋಟೀಸು ಕೊಡ್ತಾರೆ.

ಎರಡನೆ ಮೆಟ್ಟಿಲು: ಈ 60 ದಿನದಲ್ಲಿ ನಾವು ಬರಹದಲ್ಲಿ ತಕರಾರು ಕೊಡಬಹುದು. ಬ್ಯಾಂಕು 15 ದಿನದೊಳಗೆ ಅದಕ್ಕೆ ಉತ್ತರ ಕೊಡಬೇಕು.

ಮೂರನೆ ಮೆಟ್ಟಿಲು: 60 ದಿನ ಆದ ಮೇಲೆ ಬಾಗಿಲಿಗೆ ಸ್ವಾಧೀನದ ನೋಟೀಸು ಅಂಟಿಸ್ತಾರೆ. ಪತ್ರಿಕೆಯಲ್ಲಿ ಹಾಕಿಸ್ತಾರೆ. ಮನೆಯವರು ಬಿಟ್ಟುಕೊಡದೇ ಇದ್ದರೆ ಜಿಲ್ಲಾಧಿಕಾರಿಯಿಂದಲೋ, ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರ ಕೋರ್ಟಿನಿಂದಲೋ ಆದೇಶ ತರ್ತಾರೆ. ಆಗ ಪೊಲೀಸರೂ ಜೊತೆಗೆ ಬರಬಹುದು.

ನಾಲ್ಕನೆ ಮೆಟ್ಟಿಲು: ಬ್ಯಾಂಕು ಮಾಡಿದ್ದು ತಪ್ಪು ಅನಿಸಿದರೆ, ಸ್ವಾಧೀನದ ಕ್ರಮ ನಡೆದ ದಿನದಿಂದ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅದು ಬೆಂಗಳೂರಿನಲ್ಲಿದೆ. ನಲ್ಲೂರಿಗೆ ದೂರ, ನಿಜ. ಅದಕ್ಕೇ ಎರಡನೆ ಮೆಟ್ಟಿಲಲ್ಲೇ ಕೆಲಸ ಮಾಡಿಕೊಳ್ಳುವುದು ಒಳ್ಳೆಯದು.

ಐದನೆ ಮೆಟ್ಟಿಲು: ಹರಾಜು. ಮೊದಲ ಹರಾಜಿಗೆ 30 ದಿನ ಮುಂಚೆ ನೋಟೀಸು ಕೊಡಬೇಕು. ಹರಾಜಿನ ನೋಟೀಸು ಪ್ರಕಟವಾಗುವ ಮೊದಲು ಪೂರ್ತಿ ಬಾಕಿ, ಖರ್ಚು ಕಟ್ಟಿದರೆ ಮನೆ ಉಳಿಯುತ್ತೆ.

ಈ ಕಾಯ್ದೆ ಕೆಲವು ಕಡೆ ನಡೆಯುವುದಿಲ್ಲ. ಬೇಸಾಯದ ಜಮೀನಿನ ಮೇಲೆ ನಡೆಯುವುದಿಲ್ಲ. ಸಾಲ 1 ಲಕ್ಷ ರೂಪಾಯಿ ದಾಟದೇ ಇದ್ದರೆ ನಡೆಯುವುದಿಲ್ಲ. ಸಾಲದ ಬಹುಪಾಲು ತೀರಿ, ಅಸಲು ಬಡ್ಡಿಯಲ್ಲಿ ನೂರಕ್ಕೆ 20ಕ್ಕಿಂತ ಕಡಿಮೆ ಬಾಕಿ ಇದ್ದರೂ ನಡೆಯುವುದಿಲ್ಲ. ಆಗ ಅವರು ಬೇರೆ ದಾರಿಯಲ್ಲೇ ಬರಬೇಕು.

ಈಗ ಸ್ಲೇಟು ತೆಗೆಯಿರಿ. ಒಂದು ಲೆಕ್ಕ ಮಾಡೋಣ. ನೋಟೀಸು ಜೂನ್ 10ರಂದು ಬಂತು. ಜೂನ್ ತಿಂಗಳಲ್ಲಿ ಉಳಿದದ್ದು 20 ದಿನ. ಜುಲೈ ತಿಂಗಳಿಗೆ 31 ದಿನ. ಎರಡೂ ಸೇರಿ 51. ಇನ್ನು 9 ದಿನ ಬೇಕು. ಅಂದರೆ ಆಗಸ್ಟ್ 9ಕ್ಕೆ 60 ದಿನ ತುಂಬುತ್ತೆ. ಈ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೊನೆ ದಿನದವರೆಗೆ ಕಾಯಬೇಡಿ.

ಕೋರ್ಟಿನಿಂದ ಸಮನ್ಸ್ ಬಂದರೆ

ಕೋರ್ಟಿನ ಕಾಗದಕ್ಕೆ ಸಮನ್ಸ್ ಅಂತಾರೆ. ಕೋರ್ಟಿನ ಅಮೀನರು ತಂದು ಕೊಡಬಹುದು. ಅದರಲ್ಲಿ ಹೇಳಿದ ದಿನ ಹೋಗಲೇಬೇಕು. ಸಮನ್ಸ್ ಮುಟ್ಟಿದ 30 ದಿನದೊಳಗೆ ನಮ್ಮ ಉತ್ತರ ಬರಹದಲ್ಲಿ ಕೊಡಬೇಕು. ಕಾರಣ ಹೇಳಿದರೆ ಕೋರ್ಟು 90 ದಿನದವರೆಗೆ ಅವಕಾಶ ಕೊಡಬಹುದು.

ಹೋಗದೇ ಇದ್ದರೆ ಏಕಪಕ್ಷೀಯ ತೀರ್ಪು ಆಗುತ್ತೆ. ಹಾಗೆ ಆಗಿದ್ದರೂ ಕೈಚೆಲ್ಲಬೇಡಿ. ಸರಿಯಾದ ಕಾರಣ ಇದ್ದರೆ 30 ದಿನದೊಳಗೆ ಅದನ್ನು ರದ್ದು ಮಾಡಿ ಅಂತ ಕೇಳಬಹುದು.

ಅಡ ಇಟ್ಟ ಮನೆಯ ದಾವೆಯಲ್ಲಿ ಕೋರ್ಟು ಮೊದಲು ಹಣ ಕಟ್ಟಲು ಸಮಯ ಕೊಡುತ್ತೆ. ಆರು ತಿಂಗಳವರೆಗೂ ಕೊಡಬಹುದು. ಕೋರ್ಟಿನ ಹರಾಜು ನಡೆದುಹೋದರೂ 60 ದಿನ ಇರುತ್ತೆ. ಆ 60 ದಿನದೊಳಗೆ ಬಾಕಿ ಹಣ ಪೂರ್ತಿ ಕಟ್ಟಬೇಕು. ಹರಾಜು ಹಿಡಿದವರಿಗೆ, ಅವರು ಕೊಟ್ಟ ಬೆಲೆಯಲ್ಲಿ ನೂರಕ್ಕೆ 5 ರೂಪಾಯಿ ಸೇರಿಸಿ ಕಟ್ಟಬೇಕು. ಆಗ ಹರಾಜು ರದ್ದಾಗುತ್ತೆ.

ಯಾವುದನ್ನು ಮುಟ್ಟುವಂತಿಲ್ಲ?

ದಿವಾಣಿ ಪ್ರಕ್ರಿಯಾ ಸಂಹಿತೆ ಅಂತ ಒಂದು ಕಾನೂನು ಇದೆ. ಅದು 1908ರದ್ದು. ಅದರ 60ನೇ ಕಲಮು ಬಡವರಿಗೆ ಬಹಳ ದೊಡ್ಡದು. ಕೋರ್ಟಿನ ಡಿಕ್ರಿ ಇದ್ದರೂ ಕೆಲವನ್ನು ಜಪ್ತಿ ಮಾಡುವಂತಿಲ್ಲ ಅಂತ ಅದು ಹೇಳುತ್ತೆ.

ಅಡುಗೆ ಪಾತ್ರೆ, ಉಡುವ ಬಟ್ಟೆ, ಹಾಸಿಗೆ ಮುಟ್ಟುವಂತಿಲ್ಲ.
ಧರ್ಮದ ಪದ್ಧತಿ ಪ್ರಕಾರ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ ಮುಟ್ಟುವಂತಿಲ್ಲ. ನಮ್ಮ ತಾಳಿ ಈ ಮಾತಿನೊಳಗೆ ಬರುತ್ತೆ.
ಕಸುಬಿನವರ ಹತಾರು ಮುಟ್ಟುವಂತಿಲ್ಲ.
ಬೇಸಾಯಗಾರರ ಉಪಕರಣ, ಬೇಸಾಯಕ್ಕೆ ಬೇಕಾದ ದನ, ಬಿತ್ತನೆ ಬೀಜ ಮುಟ್ಟುವಂತಿಲ್ಲ.
ಬೇಸಾಯಗಾರರು, ಕೂಲಿಯವರು, ಮನೆಗೆಲಸದವರು ತಾವೇ ವಾಸ ಇರುವ ತಮ್ಮ ಸ್ವಂತ ಮನೆ ಜಪ್ತಿ ಮಾಡುವಂತಿಲ್ಲ.

ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಕೈಸಾಲದ ಡಿಕ್ರಿಯಲ್ಲಿ ಕೂಲಿ ಮಾಡುವ ಹೆಂಗಸಿನ ವಾಸದ ಮನೆಗೆ ಈ ರಕ್ಷಣೆ ಇದೆ. ಆದರೆ ಇದನ್ನು ನಾವೇ ಕೋರ್ಟಿನಲ್ಲಿ ಹೇಳಬೇಕು. "ನಾವು ಕೂಲಿಯವರು, ಇದೇ ಮನೆಯಲ್ಲಿ ಇದ್ದೀವಿ" ಅಂತ ತೋರಿಸಬೇಕು. ಮನೆಯನ್ನೇ ಅಡ ಇಟ್ಟು ಸಾಲ ತಂದಿದ್ದರೆ ಈ ರಕ್ಷಣೆ ಕೆಲಸಕ್ಕೆ ಬರುವುದಿಲ್ಲ. ಮನೆ ಪತ್ರ ಕೊಡುವ ಮುಂಚೆ ಇದನ್ನು ನೆನಪಿಡಿ.

ಸಾಮಾನು ಜಪ್ತಿಗೆ ಬಂದವರು ಸೂರ್ಯ ಮುಳುಗಿದ ಮೇಲೆ, ಸೂರ್ಯ ಹುಟ್ಟುವ ಮೊದಲು ಮನೆಯೊಳಗೆ ಬರುವಂತಿಲ್ಲ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತಿಲ್ಲ. "ಜೈಲಿಗೆ ಹಾಕಿಸ್ತೀವಿ" ಅಂತ ಯಾರಾದರೂ ಹೆದರಿಸಿದರೆ ಈ ಮಾತು ಹೇಳಿ.

ಗಂಡ ಮಾಡಿದ ಸಾಲಕ್ಕೆ ಹೆಂಡತಿ ಹೆಸರಿನ ಮನೆ ಜಪ್ತಿಗೆ ಬಂದರೆ ಏನು ಮಾಡಬೇಕು? ನೀವು ಸಾಲಕ್ಕೂ ಜಾಮೀನಿಗೂ ಸಹಿ ಹಾಕಿಲ್ಲದೇ ಇದ್ದರೆ "ಈ ಮನೆ ನನ್ನದು" ಅಂತ ಕೋರ್ಟಿನಲ್ಲಿ ತಕರಾರು ಹಾಕಬಹುದು. ಮನೆ ನಿಮ್ಮ ಹೆಸರಿಗಿರುವ ಪಂಚಾಯಿತಿ ಕಾಗದ ಬೇಕು. 1997ಕ್ಕಿಂತ ಹಳೆಯ ಪತ್ರದಲ್ಲಿ ಶಿವಮೊಗ್ಗ ಜಿಲ್ಲೆ ಅಂತ ಇರುತ್ತೆ. ಗಾಬರಿ ಬೇಡ. ಆಗ ಚನ್ನಗಿರಿ ತಾಲೂಕು ಶಿವಮೊಗ್ಗಕ್ಕೆ ಸೇರಿತ್ತು. ಆ ವರ್ಷ ದಾವಣಗೆರೆ ಜಿಲ್ಲೆ ಆಯಿತು.

ವಕೀಲರಿಗೆ ಹಣ ಎಲ್ಲಿ?

ನೀವು ಕೇಳುವ ಪ್ರಶ್ನೆ ನಮಗೆ ಗೊತ್ತು. "ಕಂತಿಗೇ ಕಾಸಿಲ್ಲ, ವಕೀಲರಿಗೆ ಎಲ್ಲಿಂದ ತರೋಣ?"

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರಿಗೆ ವಕೀಲರ ನೆರವು ಉಚಿತ. ಆದಾಯ ಎಷ್ಟೇ ಇರಲಿ, ಹೆಂಗಸು ಅಂದರೆ ಸಾಕು. ಚನ್ನಗಿರಿಯ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವೆಗಳ ಸಮಿತಿ ಇದೆ. ದಾವಣಗೆರೆಯಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. ಅಲ್ಲಿ ಒಂದು ಅರ್ಜಿ ಕೊಡಬೇಕು. 15100 ಈ ನಂಬರಿಗೆ ಫೋನು ಮಾಡಿಯೂ ಕೇಳಬಹುದು.

ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳಬಹುದು. ಬಡ್ಡಿ ಕಡಿಮೆ ಮಾಡಿ, ಕಂತು ಚಿಕ್ಕದು ಮಾಡಿ ಅಂತ ಕೇಳಬಹುದು. ಆದರೆ ಅಲ್ಲಿ ಆದ ರಾಜಿ ಕೋರ್ಟಿನ ತೀರ್ಪಿನ ಸಮ. ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಕಟ್ಟಲು ಆಗುವಷ್ಟಕ್ಕೇ ಒಪ್ಪಿಕೊಳ್ಳಿ. ಓದಿ, ಆಮೇಲೆ ಸಹಿ ಹಾಕಿ.

ತಕರಾರು ಪತ್ರ ಹೀಗಿರಲಿ

ಉದ್ದ ಬರೆಯಬೇಕಿಲ್ಲ. ಒಂದು ಮಾದರಿ ನೋಡಿ.

"ಬ್ಯಾಂಕಿನ ವ್ಯವಸ್ಥಾಪಕರಿಗೆ ನಮಸ್ಕಾರ. ನಿಮ್ಮ ನೋಟೀಸು ಈ ತಾರೀಖಿಗೆ ಬಂದಿದೆ. ಸಾಲದ ಪೂರ್ತಿ ಲೆಕ್ಕ ಬೇಕು. ಅಸಲು ಎಷ್ಟು, ಬಡ್ಡಿ ಎಷ್ಟು, ನಾವು ಕಟ್ಟಿದ್ದು ಎಷ್ಟು ತಿಳಿಸಿ. ಈ ವರ್ಷ ಈ ಕಾರಣಕ್ಕೆ ಕಂತು ತಪ್ಪಿದೆ. ತಿಂಗಳಿಗೆ ಇಷ್ಟು ಕಟ್ಟಬಲ್ಲೆವು. ಅವಕಾಶ ಕೊಡಿ."

ಎರಡು ಪ್ರತಿ ಬರೆಯಿರಿ. ಒಂದನ್ನು ಬ್ಯಾಂಕಿಗೆ ಕೊಡಿ. ಇನ್ನೊಂದರ ಮೇಲೆ ಅವರ ಸೀಲು, ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲ್ಲ ಅಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಬರೆದದ್ದು ಉಳಿಯುತ್ತೆ. ದೂರು ಕೊಟ್ಟು 30 ದಿನ ಆದರೂ ಬ್ಯಾಂಕು ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಕೊಡಬಹುದು.

ಇವನ್ನು ಮಾಡಬೇಡಿ

ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಹೆಬ್ಬೆಟ್ಟೂ ಒತ್ತಬೇಡಿ.
ಬ್ಯಾಂಕಿನ ಸಾಲ ತೀರಿಸಲು ಮೀಟರ್ ಬಡ್ಡಿ ಸಾಲ ತರಬೇಡಿ. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ ಆಗುತ್ತೆ.
"ನಾನು ಸ್ಟೇ ತಂದುಕೊಡ್ತೀನಿ" ಅನ್ನೋ ದಲ್ಲಾಳಿಗೆ ಹಣ ಕೊಡಬೇಡಿ.
ರಸೀದಿ ಇಲ್ಲದೆ ಕಂತು ಕಟ್ಟಬೇಡಿ.

ಯಾವ ದಾರಿಯೂ ಇಲ್ಲ, ಸಾಲ ತೀರುವುದೇ ಇಲ್ಲ ಅಂತ ಖಚಿತ ಆದರೆ ಏನು? ಹರಾಜಿನಲ್ಲಿ ಬೆಲೆ ಕಡಿಮೆ ಬರಬಹುದು. ಬ್ಯಾಂಕಿನ ಬರಹದ ಒಪ್ಪಿಗೆ ಪಡೆದು ನಾವೇ ಮಾರಿದರೆ ನಾಲ್ಕು ಕಾಸು ಹೆಚ್ಚು ಸಿಗಬಹುದು. ಹರಾಜೇ ಆದರೂ ಉಳಿದ ಹಣ ನಮ್ಮದು. ಮನೆ 9 ಲಕ್ಷಕ್ಕೆ ಹೋಯಿತು. ಸಾಲ, ಬಡ್ಡಿ, ಖರ್ಚು ಸೇರಿ ಆರೂವರೆ ಲಕ್ಷ. ಉಳಿದ ಎರಡೂವರೆ ಲಕ್ಷ ನಮಗೆ ವಾಪಸು ಬರಬೇಕು. ಇದನ್ನು ಕೇಳಿ ಪಡೆಯಿರಿ.

ಸಾಲ ತೀರಿದ ದಿನವೂ ಎಚ್ಚರ ಬೇಕು. 2023ರಲ್ಲಿ ರಿಸರ್ವ್ ಬ್ಯಾಂಕು ಒಂದು ನಿಯಮ ಮಾಡಿತು. ಪೂರ್ತಿ ಸಾಲ ತೀರಿದ 30 ದಿನದೊಳಗೆ ಮನೆ ಪತ್ರ ವಾಪಸು ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು.

ಮರ್ಯಾದೆಯ ಮಾತು

2025ರ ಜನವರಿಯಲ್ಲಿ ಬೆಳಗಾವಿ ತಾಲೂಕಿನ ತಾರಿಹಾಳದಲ್ಲಿ ಬಾಣಂತಿ, ಹಸುಗೂಸು ಇದ್ದ ಕುಟುಂಬವನ್ನು ಸಾಲಕ್ಕಾಗಿ ಮನೆಯಿಂದ ಹೊರಗೆ ಹಾಕಿದ ಸುದ್ದಿ ನಾಡಿಗೆಲ್ಲ ಗೊತ್ತಾಯಿತು. ಅದೇ ಹೊತ್ತಿಗೆ ಸಾಲದ ಕಿರುಕುಳ ತಾಳದೆ ಊರು ಬಿಟ್ಟವರ, ಜೀವ ಬಿಟ್ಟವರ ಸುದ್ದಿಯೂ ಬಂತು. ಆ ವರ್ಷ ಕರ್ನಾಟಕ ಸರ್ಕಾರ ಕಿರುಸಾಲದ ಕಿರುಕುಳ ತಡೆಯಲು ಕಾನೂನು ತಂದಿತು. ಬಲವಂತ, ಬೆದರಿಕೆ, ಅವಮಾನ ಮಾಡಿ ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಂತ ಅದರಲ್ಲಿದೆ. ಮನೆ ಮುಂದೆ ಕೂಗಾಡಿದರೆ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ.

ಸಾಲ ಇರುವುದು ಕಳ್ಳತನ ಅಲ್ಲ. ಮಳೆ ಕೈಕೊಟ್ಟರೆ, ಅಡಿಕೆಗೆ ರೋಗ ಬಂದರೆ, ಮನೆಯವರು ಆಸ್ಪತ್ರೆ ಸೇರಿದರೆ ಯಾರಿಗಾದರೂ ಕಂತು ತಪ್ಪುತ್ತೆ. ತೆಗೆದುಕೊಂಡ ಸಾಲ ತೀರಿಸಬೇಕು, ಅದು ನ್ಯಾಯ. ಆದರೆ ಮರ್ಯಾದೆ ಹೋಯಿತು ಅಂತ ಯಾರೂ ಜೀವ ಕಳೆದುಕೊಳ್ಳಬಾರದು. ಮನೆ ಹೋದರೆ ಇನ್ನೊಂದು ಮನೆ ಕಟ್ಟಬಹುದು. ಜೀವ ಹೋದರೆ ಮಕ್ಕಳಿಗೆ ಅಮ್ಮ ಎಲ್ಲಿಂದ ಬರ್ತಾಳೆ?

ಅಕ್ಕಂದಿರೇ, ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಒಂದು ಚೀಲ ಹುಡುಕಿ. ಮನೆ ಪತ್ರ, ಕಂದಾಯ ಕಟ್ಟಿದ ರಸೀದಿ, ಸಾಲದ ಪಾಸು ಪುಸ್ತಕ, ಕಂತಿನ ರಸೀದಿ ಎಲ್ಲ ಅದರಲ್ಲಿ ಹಾಕಿ. ಯಾವ ಕಾಗದಕ್ಕೆ ಯಾರ ಸಹಿ ಇದೆ ಅಂತ ನೀವೇ ಓದಿ ನೋಡಿ. ತಿಳಿಯದ್ದನ್ನು ಮುಂದಿನ ವಾರದ ಪಾಠಕ್ಕೆ ತನ್ನಿ. ಎಲ್ಲರೂ ಸೇರಿ ಓದೋಣ.