ಸಂಶೋಧನೆಯೂ ದಾಸೋಹವೂ

 

ಶ್ರೀಮಠದ ಈ ಮಹೋತ್ಸವದಲ್ಲಿ ಶಾಸ್ತ್ರೀಯ ಸಂಶೋಧನೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಆರೋಗ್ಯಶಾಸ್ತ್ರ, ಸಮಾಜಶಾಸ್ತ್ರ, ಯಂತ್ರಶಾಸ್ತ್ರ, ಪರಿಸರಶಾಸ್ತ್ರ ಎಂಬ ಇವುಗಳಲ್ಲಿ ಒಂದೊಂದನ್ನೂ ಬಿಡಿಸಿ ಹೇಳಹೊರಟರೆ ಪ್ರಸಾದದ ಪಂಕ್ತಿಗೆ ಹೊತ್ತಾದೀತು. ಆದುದರಿಂದ ಒಂದೇ ಪ್ರಶ್ನೆಯನ್ನು ತಮ್ಮ ಮುಂದಿಡುತ್ತೇನೆ. ಪಂಡಿತನು ಒಂದು ಊರಿಗೆ ಹೋಗಿ, ಅಲ್ಲಿಯ ಜನರನ್ನು ಕೇಳಿ, ಅಳೆದು, ತೂಗಿ ಸಂಪಾದಿಸಿದ ಜ್ಞಾನವು ಆ ಊರಿಗೆ ಮರಳಿ ಬರುವುದುಂಟೋ ಇಲ್ಲವೋ? ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಬೇಕೆಂಬ ಧರ್ಮವನ್ನು ಶರಣರಿಂದ ಪಡೆದಿರುವ ನಾವು ವಿದ್ವಾಂಸರ ಕಾಯಕವನ್ನೂ ಈ ಒರೆಗಲ್ಲಿಗೆ ಹಚ್ಚಿ ನೋಡುವುದು ತಪ್ಪಾಗಲಾರದು.

ನಾವು ಸೇರಿರುವ ಬೆಂಗಳೂರಿನ ಈ ಉತ್ತರ ದಿಕ್ಕು ವಿದ್ಯೆಗೆ ನೆಲೆಯಾದ ಪ್ರದೇಶ. ಯಶವಂತಪುರದ ಮಗ್ಗುಲಲ್ಲಿ ತಾತಾ ಅವರ ಸಂಕಲ್ಪದಿಂದ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಮಂದಿರವಿದೆ. ಅದರ ನೆಲವು ಮೈಸೂರು ಸಂಸ್ಥಾನದ ದಾನ. ಹೆಬ್ಬಾಳದಲ್ಲಿ 1964ರಿಂದ ಕೃಷಿ ವಿಶ್ವವಿದ್ಯಾನಿಲಯವುಂಟು. ಜಕ್ಕೂರಿನಲ್ಲಿ 1989ರಲ್ಲಿ ಹುಟ್ಟಿದ ಜವಾಹರಲಾಲ್ ನೆಹರೂ ಹೆಸರಿನ ಉನ್ನತ ಸಂಶೋಧನ ಕೇಂದ್ರವುಂಟು. ಇವುಗಳ ಗೋಡೆಗಳ ಪಕ್ಕದಲ್ಲಿಯೇ ದಿನವೂ ಓಡಾಡುವ ನಮ್ಮಲ್ಲಿ ಅನೇಕರಿಗೆ ಒಳಗೆ ಏನು ನಡೆಯುತ್ತದೆಂಬುದು ತಿಳಿಯದು. ಇದರಲ್ಲಿ ನಮ್ಮ ಉದಾಸೀನವೆಷ್ಟು, ಅವರ ಮೌನವೆಷ್ಟು ಎಂಬ ವ್ಯಾಜ್ಯವನ್ನು ಇಂದು ಎತ್ತುವುದು ಬೇಡ.

ಹೆಬ್ಬಾಳದ ಕಥೆ ಹಳೆಯದು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿದ್ದಾಗ ಅಲ್ಲಿ 30 ಎಕರೆ ನೆಲವನ್ನು ಬೇಸಾಯದ ಪ್ರಯೋಗಗಳಿಗಾಗಿ ಕೊಟ್ಟರು. ಅಲ್ಲಿಂದ ಬೆಳೆದ ಕೃಷಿ ಇಲಾಖೆಗೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ನರು ಮಲೆನಾಡಿನ ಅಡಕೆಯ ಕೊಳೆರೋಗದ ಬೆನ್ನು ಹತ್ತಿದರು. ಮಳೆಗಾಲದಲ್ಲಿ ಎಳೆಯ ಕಾಯಿಗಳು ಕೊಳೆತು ಉದುರಿ, ಒಂದೇ ವರ್ಷದಲ್ಲಿ ಸಂಸಾರದ ಗಂಜಿಗೆ ಸಂಚಕಾರ ಬರುತ್ತಿತ್ತು. ತೋಟಿಗರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. ಕೋಲ್ಮನ್ನರು ಆ ರೋಗದ ಬೂಷ್ಟನ್ನು ಗುರುತಿಸಿ, ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಬೆರಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಸಿಂಪಡಿಸುವ ಕ್ರಮವನ್ನು ತೋಟಗಳಲ್ಲಿಯೇ ಮಾಡಿ ತೋರಿಸಿದರು. ನೂರು ವರ್ಷಗಳು ಕಳೆದರೂ ಮಲೆನಾಡಿನ ತೋಟಗಳಲ್ಲಿ ಆ ಮದ್ದು ನಡೆಯುತ್ತಲೇ ಇದೆ. ರೋಗವು ಹುಟ್ಟಿದಲ್ಲಿಗೇ ವಿದ್ಯೆಯು ಮರಳಿತೆಂಬುದಕ್ಕೆ ಇದೊಂದು ಸಾಕ್ಷಿ.

ಇದಕ್ಕಿಂತಲೂ ನನ್ನ ಮನಸ್ಸನ್ನು ಸೆಳೆದುದು ಇನ್ನೊಂದು ವೃತ್ತಾಂತ. ವಿಜ್ಞಾನ ಮಂದಿರದಲ್ಲಿ ಅಮೂಲ್ಯ ರೆಡ್ಡಿಯವರೆಂಬ ಪ್ರಾಧ್ಯಾಪಕರಿದ್ದರು. ಬೆಂಗಳೂರಿನಲ್ಲಿಯೇ 1930ರಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡ ಇವರು ವಿದ್ಯುತ್ ರಸಾಯನಶಾಸ್ತ್ರದಲ್ಲಿ ಲೋಕವೇ ಓದುವ ಗ್ರಂಥವನ್ನು ಸಹಲೇಖಕರಾಗಿ ಬರೆದವರು. ಆ ಕೀರ್ತಿಯಲ್ಲಿಯೇ ಸುಖವಾಗಿರಬಹುದಾಗಿದ್ದಿತು. ಆದರೆ ತಮ್ಮ ವಿದ್ಯೆಯಿಂದ ಹಳ್ಳಿಯ ಬಡವರಿಗೆ ಆದ ಪ್ರಯೋಜನವೇನೆಂಬ ಚಿಂತೆ ಅವರನ್ನು ಹಿಡಿಯಿತು. 1974ರಲ್ಲಿ ಸಹೋದ್ಯೋಗಿಗಳೊಡನೆ ‘ಅಸ್ತ್ರ’ ಎಂಬ ಘಟಕವನ್ನು ಕಟ್ಟಿ, ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ನೆಲೆಯೂರಿದರು.

ಅವರು ಮೊದಲು ಮಾಡಿದ ಕೆಲಸ ಎಣಿಕೆ. ಉಂಗ್ರದ ಸುತ್ತಿನ ಆರು ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ, ಎಷ್ಟು ಸೌದೆ ಉರಿಯುತ್ತದೆ, ಅದನ್ನು ತಂದವರಾರು, ನೀರಿಗಾಗಿ ಎಷ್ಟು ದೂರ ನಡೆದರು ಎಂಬುದನ್ನೆಲ್ಲ ಲೆಕ್ಕ ಹಾಕಿದರು. ಹಳ್ಳಿಯು ಬಳಸುವ ಶಕ್ತಿಯಲ್ಲಿ ಬಹುಭಾಗ ಸೌದೆಯದೆಂದೂ, ಆ ಸೌದೆಯ ಬಹುಭಾಗ ಅಡುಗೆಯ ಒಲೆಗೇ ಹೋಗುವುದೆಂದೂ, ಅದಕ್ಕಾಗಿ ಸವೆಯುವ ಹೊತ್ತು ಹೆಂಗಸರದೂ ಮಕ್ಕಳದೂ ಎಂದೂ ತಿಳಿದುಬಂದಿತು. ಇನ್ನೊಂದು ಸಂಗತಿಯೂ ಹೊರಬಿದ್ದಿತು. ಬಡವರ ಒಲೆಯಿಂದ ಕಾಡು ನಾಶವಾಗುವುದೆಂದು ಪಟ್ಟಣದವರು ಸುಲಭವಾಗಿ ಹೇಳುತ್ತಿದ್ದರಷ್ಟೆ. ಆ ಹೆಂಗಸರು ತರುತ್ತಿದ್ದುದು ಬಹುಮಟ್ಟಿಗೆ ಆಯ್ದ ಪುರಳೆ ಕಡ್ಡಿ! ಅಪವಾದವನ್ನು ಹೊತ್ತವರ ಪರವಾಗಿ ಲೆಕ್ಕವೊಂದು ಸಾಕ್ಷಿ ನುಡಿದುದು ಸಣ್ಣ ಮಾತೇ?

ಈಗ ನೋಡೋಣ, ಆ ಒಲೆಯು ಯಾವ ಶಾಸ್ತ್ರಕ್ಕೆ ಸೇರಿದುದು? ಹೊಗೆಯಿಂದ ತಾಯಂದಿರ ಕಣ್ಣು ಎದೆಗಳು ಕೆಡುವುದರಿಂದ ವೈದ್ಯನಿಗೆ ಸೇರಿತು. ಗಾಳಿಯ ಸೆಳೆತವನ್ನೂ ಉರಿಯ ಹರಿವನ್ನೂ ಅಳೆಯಬೇಕಾದುದರಿಂದ ಇಂಜನಿಯರನಿಗೆ ಸೇರಿತು. ಸೌದೆಯ ಮೂಲವನ್ನು ವಿಚಾರಿಸಿದರೆ ಪರಿಸರಜ್ಞನಿಗೆ ಸೇರಿತು. ಮನೆಯಲ್ಲಿ ದುಡಿಮೆ ಯಾರದು, ತೀರ್ಮಾನ ಯಾರದು ಎಂದು ಕೇಳಿದರೆ ಸಮಾಜಶಾಸ್ತ್ರಜ್ಞನಿಗೆ ಸೇರಿತು. ನಾಲ್ವರೂ ತಂತಮ್ಮ ಕೊಠಡಿಗಳಲ್ಲಿ ಕುಳಿತಿದ್ದರೆ ಒಲೆಯು ಹೊಗೆಯಾಡುತ್ತಲೇ ಇರುತ್ತಿತ್ತು. ಕೂಡಿ ಕುಳಿತುದರಿಂದ ಮೂರು ಪಾತ್ರೆಗಳು ಏಕಕಾಲಕ್ಕೆ ಬೇಯುವ, ಹೊಗೆಯನ್ನು ಕೊಳವಿಯಿಂದ ಹೊರಗಟ್ಟುವ ‘ಅಸ್ತ್ರ ಒಲೆ’ ಹುಟ್ಟಿತು.

ಇನ್ನು ಪುರ ಎಂಬ ಹಳ್ಳಿಯ ಕಥೆ. ಅಲ್ಲಿ ಇಡೀ ಊರಿಗೆ ಒಂದು ಗೋಬರ್ ಅನಿಲದ ಸ್ಥಾವರವನ್ನು ಕಟ್ಟಿದರು. ದನದ ಸೆಗಣಿಯಿಂದ ಅನಿಲ ತೆಗೆದು ಮನೆಮನೆಗೆ ಅಡುಗೆಗೆ ಕೊಡುವುದು ಉದ್ದೇಶ. ಯೋಚನೆ ಚೆನ್ನಾಗಿತ್ತು, ಆದರೆ ಸಿಕ್ಕ ಅನಿಲವು ಊರಿನ ಎಲ್ಲ ಅಡುಗೆಗೂ ಸಾಲದೆ ಹೋಯಿತು. ಅರ್ಧ ಅಡುಗೆ ಅನಿಲದಲ್ಲಿ, ಅರ್ಧ ಸೌದೆಯಲ್ಲಿ ಎಂದರೆ ಯಾವ ಗೃಹಿಣಿ ತಾನೆ ಒಪ್ಪುವಳು? ಜನರ ಉತ್ಸಾಹ ಇಳಿದು ಕೆಲಸವು ಕುಂಟಿತು. ಆಗ ವಿಜ್ಞಾನಿಗಳು ಹಳ್ಳಿಯವರನ್ನು ಹಳಿಯಲಿಲ್ಲ. ನಿಮಗೆ ಎಲ್ಲಕ್ಕಿಂತ ಮೊದಲು ಬೇಕಾದುದೇನೆಂದು ಕೇಳಿದರು. ಕುಡಿಯುವ ನೀರು ಎಂದರು ಊರವರು. ಅದೇ ಅನಿಲದಿಂದ ಎಂಜಿನನ್ನು ನಡೆಸಿ, ವಿದ್ಯುತ್ತನ್ನು ಹುಟ್ಟಿಸಿ, ಕೊಳವೆಬಾವಿಯ ನೀರನ್ನು ಮೇಲೆತ್ತಿ, ನಲ್ಲಿಗಳಿಗೆ ಹರಿಸಿ, ಮನೆಗಳಿಗೆ ದೀಪ ಕೊಟ್ಟರು. ಇದು ನಡೆದುದು 1987ರಲ್ಲಿ. ಸೆಗಣಿ ತಂದವರಿಗೆ ಗೊಬ್ಬರ ಹಿಂದಿರುಗುತ್ತಿತ್ತು, ತಂದ ಶ್ರಮಕ್ಕೆ ಅಷ್ಟಿಷ್ಟು ಹಣವೂ ಸಲ್ಲುತ್ತಿತ್ತು. ಸ್ಥಾವರವನ್ನು ನಡೆಸಿದವರು ಊರಿನ ಹುಡುಗರೇ. ಈ ಪ್ರಯೋಗದ ಪಾಠಗಳನ್ನು, ಸೋತ ಭಾಗವನ್ನೂ ಮುಚ್ಚದೆ, ರೆಡ್ಡಿಯವರು 2004ರಲ್ಲಿ ಬರೆದು ಪ್ರಕಟಿಸಿದರು. ದಾಸೋಹದ ಪಂಕ್ತಿಯಲ್ಲಿ ಬಡಿಸುವವನು ತನಗೆ ರುಚಿಯಾದುದನ್ನೇ ಎಲೆಗೆ ಸುರಿಯುವುದಿಲ್ಲ, ‘ಏನು ಬೇಕು ಶರಣರೇ’ ಎಂದು ಕೇಳುತ್ತಾನೆ. ಪುರದಲ್ಲಿ ಎರಡನೆಯ ಸಲ ನಡೆದುದು ಅದೇ ಎಂದು ನನ್ನ ಭಾವನೆ.

ಈ ಹಳೆಯ ಕಥೆಯನ್ನು ಇಷ್ಟು ಬೆಳೆಸಿದುದಕ್ಕೆ ಕಾರಣವುಂಟು. ನಾವು ಈ ಭಾಗದಲ್ಲಿ ಬಳಸಿ ಬಿಟ್ಟ ಕೊಳಚೆನೀರು ಈಗ ಹೆಬ್ಬಾಳ–ನಾಗವಾರ ಕಣಿವೆಯಿಂದ ಶುದ್ಧಿಗೊಂಡು, ಕೊಳವೆಗಳಲ್ಲಿ ಚಿಕ್ಕಬಳ್ಳಾಪುರ, ದೇವನಹಳ್ಳಿಗಳ ಕಡೆಯ ಕೆರೆಗಳಿಗೆ ಹೋಗುತ್ತಿದೆ. ದಿನಕ್ಕೆ 210 ದಶಲಕ್ಷ ಲೀಟರು ನೀರಿನಿಂದ 65 ಕೆರೆಗಳನ್ನು ತುಂಬುವುದು ಆ ಯೋಜನೆಯ ಗುರಿ. ಬತ್ತಿದ ಕೆರೆಗೆ ನೀರು ಬಂದುದು ಸಂತೋಷವೇ. ಆದರೆ ಅದು ಎರಡನೆಯ ಹಂತದವರೆಗೆ ಮಾತ್ರ ಶುದ್ಧಿಯಾದ ನೀರು. ಅಂದರೆ ಸೂಕ್ಷ್ಮಜೀವಿಗಳಿಂದ ಕೊಳೆಯನ್ನು ಕರಗಿಸಿ ತಿಳಿಮಾಡಿದುದೇ ಹೊರತು, ಉಳಿದ ಸಾರಜನಕ ರಂಜಕಗಳನ್ನೂ ಕ್ರಿಮಿಗಳನ್ನೂ ಪೂರ್ಣವಾಗಿ ತೆಗೆಯುವ ಮೂರನೆಯ ಹಂತವನ್ನು ಕಂಡುದಲ್ಲ. ಆ ಹಂತವೂ ಬೇಕೆಂದು ಅಲ್ಲಿಯ ರೈತರು ಆಗ್ರಹಪಡಿಸುತ್ತ ಬಂದಿದ್ದಾರೆ.

ಆ ಸೀಮೆಯ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡಿನ ಪೀಡೆ ಮೊದಲೇ ಉಂಟು. ಕೆರೆ ತುಂಬಿದರೆ ಅಂತರ್ಜಲವೇರಿ ಆ ಪೀಡೆ ತಗ್ಗುವುದೋ, ಬೇರೊಂದು ಪೀಡೆ ಬಾವಿಗಿಳಿಯುವುದೋ? ಸೊಪ್ಪು, ತರಕಾರಿ, ಹೂವುಗಳ ಗತಿಯೇನು? ಮಣ್ಣಿನ ಗುಣ ಹತ್ತು ವರ್ಷದಲ್ಲಿ ಏನಾದೀತು? ಕೆರೆಯ ಮೀನುಗಾರನೂ ದನಗಾಹಿಯೂ ಏನು ಹೇಳುತ್ತಾರೆ? ಒಬ್ಬ ಪಂಡಿತನಿಂದ ಇದಕ್ಕೆ ಉತ್ತರ ಬಾರದು. ಉತ್ತರವು ಆಂಗ್ಲಭಾಷೆಯ ಪತ್ರಿಕೆಯೊಂದರಲ್ಲಿ ಅಚ್ಚಾಗಿ ಕಪಾಟು ಸೇರಿದರೂ ಸಾಲದು. ಆ ಕೆರೆಗಳ ಅಚ್ಚುಕಟ್ಟಿನಲ್ಲಿ ಶ್ರೀಮಠದ ಭಕ್ತರ ಹೊಲಗಳಿವೆ. ನೀರು ಬಿಟ್ಟವರು ನಾವು, ಉಣ್ಣುವವರು ಅವರು.

ಆದುದರಿಂದ ಶ್ರೀ ಸನ್ನಿಧಿಯಲ್ಲಿ ನನ್ನದೊಂದು ಬಿನ್ನಹ. ಶ್ರೀಮಠದ ಆಶ್ರಯದಲ್ಲಿ ಓದಿ ರಸಾಯನ, ವೈದ್ಯ, ಇಂಜನಿಯರಿಂಗು, ಸಮಾಜಶಾಸ್ತ್ರಗಳ ಕಾಲೇಜುಗಳಿಗೆ ಸೇರಿರುವ ಮಕ್ಕಳಲ್ಲಿ ನಾಲ್ವರನ್ನು ಒಂದೊಂದು ಕೆರೆಗೆ ನೇಮಿಸಬೇಕು. ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ತಮ್ಮ ಅಧ್ಯಾಪಕರ ಮಾರ್ಗದರ್ಶನದಲ್ಲಿ ಕೆರೆಯ ನೀರನ್ನೂ ಸಮೀಪದ ಎರಡು ಬಾವಿಗಳ ನೀರನ್ನೂ ಪರೀಕ್ಷಿಸಲಿ; ಊರವರ ಮಾತನ್ನೂ ಬರೆದುಕೊಳ್ಳಲಿ. ಫಲಿತಾಂಶವನ್ನು ಎಲ್ಲರೂ ಓದಬಲ್ಲ ಕನ್ನಡದಲ್ಲಿ ಒಂದು ಹಲಗೆಯ ಮೇಲೆ ಬರೆದು ಕೆರೆಯ ತೂಬಿನ ಬಳಿ ನಿಲ್ಲಿಸಲಿ. ಮೊದಲ ಹಲಗೆಯ ಖರ್ಚನ್ನು ನಾನು ಕೊಡುತ್ತೇನೆ.